ಡಿಸ್ಚಾರ್ಜ್ ಆದ ಮೇಲೆ ಎಲ್ಲಿಗೆ? ಮಾನಸಿಕ ಕಾಯಿಲೆ, ಸೂರು ಮತ್ತು ದುಡಿಮೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ ಅಂದುಕೊಳ್ಳಿ. ತೋಟದವರು ಆಳುಗಳಿಗೆ ಕೊಡುವ ಲೈನ್ ಮನೆಯಲ್ಲಿರುವ ಮೂವತ್ತರ ಆಸುಪಾಸಿನ ಒಬ್ಬ ಆಳು ಕೆಲವು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಒಬ್ಬನೇ ಮಾತಾಡಿಕೊಳ್ಳುತ್ತಾನೆ, ಪಕ್ಕದ ಮನೆಯವರು ತನಗೆ ವಿಷ ಹಾಕುತ್ತಿದ್ದಾರೆ ಎನ್ನುತ್ತಾನೆ. ಮೊದಲು ದೇವರು, ಆಮೇಲೆ ತಾಯತ, ಕೊನೆಗೆ ಜಿಲ್ಲಾಸ್ಪತ್ರೆ. ಎರಡು ಮೂರು ವಾರ ವಾರ್ಡಿನಲ್ಲಿದ್ದು, ಮಾತ್ರೆ ಹಿಡಿದು, ಕಿವಿಯೊಳಗಿನ ದನಿಗಳು ತಗ್ಗಿ, ‘ಇನ್ನು ಮನೆಗೆ ಹೋಗಬಹುದು’ ಎಂದು ವೈದ್ಯರು ಬರೆದುಕೊಡುತ್ತಾರೆ. ಅಷ್ಟರಲ್ಲಿ ಹಣ್ಣಿನ ಕೊಯ್ಲು ಶುರುವಾಗಿ ಲೈನಿನ ಆ ಕೋಣೆ ಬೇರೊಂದು ಕುಟುಂಬಕ್ಕೆ ಹೋಗಿದೆ. ಕೆಲಸ ಹೋದಾಗ ಮನೆಯೂ ಹೋಯಿತು. ಇನ್ನು ನೆಲೆಯಿಲ್ಲದವನನ್ನು ಕೆಲಸಕ್ಕೆ ಕರೆಯುವವರು ಯಾರು? ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೆಸರಿದೆ, ಮುಂದೆ ಬರಬೇಕಾದ ತಾರೀಕಿದೆ. ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ಇಲ್ಲ.

ಮಾನಸಿಕ ಕಾಯಿಲೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ‘ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ’, ‘ಮಾತ್ರೆ ಬಿಡಬೇಡಿ’ ಎನ್ನುವಲ್ಲಿಗೆ ಮುಗಿಯುತ್ತದೆ. ಎರಡೂ ಸರಿಯೇ. ಆದರೆ ಮಾತ್ರೆ ಬಿಡದಿರಬೇಕಾದರೆ ಹೊತ್ತಿಗೆ ಸರಿಯಾಗಿ ಊಟ ಬೇಕು, ಹೆದರಿಕೆಯಿಲ್ಲದೆ ಮಲಗುವ ಜಾಗ ಬೇಕು, ಬೆಳಿಗ್ಗೆ ಎದ್ದು ಹೋಗಲು ಒಂದು ಕೆಲಸ ಬೇಕು. ಇವೆಲ್ಲ ಪೂರ್ತಿ ಗುಣವಾದ ಮೇಲೆ ನೋಡಿಕೊಳ್ಳೋಣ ಎಂದು ಕುಟುಂಬದವರೂ ಅಧಿಕಾರಿಗಳೂ ಮುಂದಕ್ಕೆ ಹಾಕುತ್ತಾರೆ. ಈ ಕ್ಷೇತ್ರದಲ್ಲಿ ದಶಕಗಳಿಂದ ಕೆಲಸ ಮಾಡಿದವರ ಅನುಭವ ಇದಕ್ಕೆ ತಿರುಗುಮುರುಗು: ಸೂರು ಮತ್ತು ದುಡಿಮೆ ಮೊದಲು ಸಿಕ್ಕವರಲ್ಲೇ ಗುಣವಾಗುವುದು ಸಲೀಸು.

ಇದು ಎಲ್ಲರಿಗೂ ಬೇಕಾದ ವ್ಯವಸ್ಥೆಯಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಇವರಲ್ಲಿ ಬಹುಪಾಲು ಜನರಿಗೆ ಬೇಕಾಗುವುದು ಹೊರರೋಗಿ ಚಿಕಿತ್ಸೆ, ಸಮಾಲೋಚನೆ, ಕುಡಿತ ಬಿಡಿಸುವ ನೆರವು. ಮನೆ, ಕೆಲಸಗಳ ಆಸರೆ ಹೆಚ್ಚಾಗಿ ಬೇಕಾಗುವುದು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಸುಳ್ಳು ಅನುಮಾನ ಹುಟ್ಟಿಸುವ ಕಾಯಿಲೆ), ಬೈಪೋಲಾರ್ (ಮನಸ್ಸು ಅತಿ ಉಬ್ಬರ ಮತ್ತು ಖಿನ್ನತೆಯ ನಡುವೆ ತೂಗಾಡುವ ಕಾಯಿಲೆ), ಬಹುಕಾಲದ ತೀವ್ರ ಖಿನ್ನತೆ ಇರುವವರಿಗೆ. ಅದೇ ಸಮೀಕ್ಷೆ ತೀವ್ರ ಕಾಯಿಲೆಗಳ ಪ್ರಮಾಣವನ್ನು ಶೇ. 0.8 ಎಂದಿತ್ತು. ಸಮೀಕ್ಷೆ ನಡೆದ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ, ಆದರೂ ಅಂದಾಜಿಗೆ ಅದನ್ನೇ ಹಿಡಿಯೋಣ. 2011ರ ಜನಗಣತಿಯಂತೆ ನಮ್ಮ ಎರಡು ಜಿಲ್ಲೆಗಳ ಪೈಕಿ ಹಾಸನದಲ್ಲಿ ಸುಮಾರು 17.8 ಲಕ್ಷ, ಚಿಕ್ಕಮಗಳೂರಿನಲ್ಲಿ ಸುಮಾರು 11.4 ಲಕ್ಷ ಜನ. ಮಕ್ಕಳನ್ನು ಕಳೆದು ಲೆಕ್ಕ ಹಾಕಿದರೂ ಎರಡು ಜಿಲ್ಲೆ ಸೇರಿ ಹತ್ತು ಸಾವಿರ ದಾಟುತ್ತದೆ. ಇವರಲ್ಲೂ ಹೆಚ್ಚಿನವರು ಅಪ್ಪ ಅಮ್ಮನ ಜೊತೆ, ಅಣ್ಣ ತಮ್ಮಂದಿರ ಜೊತೆ ಇದ್ದಾರೆ. ಅಂದರೆ ನಮ್ಮಲ್ಲಿ ಇವತ್ತಿಗೂ ಅತಿ ದೊಡ್ಡ ‘ಪುನರ್ವಸತಿ ಕೇಂದ್ರ’ ಎಂದರೆ ವಯಸ್ಸಾದ ತಾಯಿ.

ಹೋಗುವ ಜಾಗಗಳು

ಆಸ್ಪತ್ರೆ ಮತ್ತು ಸ್ವಂತ ಮನೆಯ ನಡುವೆ ಹಲವು ಬಗೆಯ ವಸತಿಗಳಿವೆ. ಹೆಸರುಗಳು ಗೊಂದಲ ಹುಟ್ಟಿಸುತ್ತವೆ, ಆದ್ದರಿಂದ ಹೆಸರು ಬಿಟ್ಟು ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಅಲ್ಲಿ ಎಷ್ಟು ಕಾಲ ಇರಬಹುದು? ಅಲ್ಲಿನ ದಿನಚರಿಯನ್ನು ಯಾರು ತೀರ್ಮಾನಿಸುತ್ತಾರೆ?

ಹಾಫ್‌ವೇ ಹೋಮ್‌ನಲ್ಲಿ ಇರುವುದು ಕೆಲವು ತಿಂಗಳಿಂದ ಒಂದೆರಡು ವರ್ಷದವರೆಗೆ. ಸಿಬ್ಬಂದಿ ಇರುತ್ತಾರೆ, ದಿನಕ್ಕೊಂದು ವೇಳಾಪಟ್ಟಿ ಇರುತ್ತದೆ. ಅಡುಗೆ, ಬಟ್ಟೆ, ದುಡ್ಡಿನ ಲೆಕ್ಕ, ಜನರ ಜೊತೆ ಮಾತು, ಹೀಗೆ ಕಾಯಿಲೆಯ ಕಾಲದಲ್ಲಿ ಕೈಬಿಟ್ಟು ಹೋದದ್ದನ್ನೆಲ್ಲ ಮತ್ತೆ ರೂಢಿಸಿಕೊಳ್ಳುವ ಜಾಗ ಅದು. ಬೆಂಗಳೂರಿನಲ್ಲಿ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸೊಸೈಟಿಯಂಥ ಸಂಸ್ಥೆಗಳು ದಶಕಗಳಿಂದ ಇಂಥವನ್ನು ನಡೆಸುತ್ತಾ ಬಂದಿವೆ. ಗ್ರೂಪ್ ಹೋಮ್ ಎಂದರೆ ನಾಲ್ಕೈದು ಜನ ಕೂಡಿ ಬಾಳುವ ಮನೆ. ಇಲ್ಲಿ ಅವಧಿ ದೀರ್ಘ, ಸಿಬ್ಬಂದಿ ಕಡಿಮೆ. ಇನ್ನೂ ಮುಂದೆ ಹೋದರೆ ಬೆಂಬಲಿತ ವಸತಿ: ವ್ಯಕ್ತಿ ತನ್ನದೇ ಬಾಡಿಗೆ ಕೋಣೆಯಲ್ಲಿರುತ್ತಾರೆ, ವಾರಕ್ಕೆ ಒಂದೋ ಎರಡೋ ಸಲ ಒಬ್ಬರು ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ರಾತ್ರಿ ಉಳಿಯದೆ ಹಗಲು ಮಾತ್ರ ಹೋಗಿ ಬರುವುದು ಡೇ ಕೇರ್. ಕರ್ನಾಟಕ ಸರ್ಕಾರ ‘ಮಾನಸಧಾರಾ’ ಹೆಸರಿನಲ್ಲಿ ಇಂಥ ಹಗಲು ಕೇಂದ್ರಗಳನ್ನು ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಸುವ ಯೋಜನೆ ತಂದಿದೆ.

ಬೆಂಗಳೂರಿನ ಹಾಫ್‌ವೇ ಹೋಮ್‌ಗಳು ಒಳ್ಳೆಯವೇ. ಆದರೆ ಸಕಲೇಶಪುರದ ಹುಡುಗನೊಬ್ಬ ಅಲ್ಲಿ ಒಂದು ವರ್ಷ ಇದ್ದು ಬಿಎಂಟಿಸಿ ಬಸ್ಸು ಹಿಡಿಯುವುದನ್ನು, ಬೇಕರಿ ಕೆಲಸವನ್ನು ಕಲಿತು ಊರಿಗೆ ಮರಳಿದರೆ ಅವನಿಗೆ ಇಲ್ಲಿ ಬೇಕಾಗುವುದು ಬೇರೆಯದೇ. ಕಲಿತದ್ದು ಒಂದು ಊರಿನ ಬದುಕು, ಬಾಳಬೇಕಾದದ್ದು ಇನ್ನೊಂದು ಊರಿನಲ್ಲಿ. ಅವನ ಜೊತೆ ಮಾತಾಡುವವರು, ಗುರುತು ಹಿಡಿಯುವವರು ಎಲ್ಲ ಬೆಂಗಳೂರಿನಲ್ಲೇ ಉಳಿದರು. ಹಣವಂತರ ಮನೆಯವರಿಗೆ ಮಾತ್ರ ಖಾಸಗಿ ಹೋಮ್‌ಗಳ ತಿಂಗಳ ಶುಲ್ಕ ಕಟ್ಟಲು ಆಗುತ್ತದೆ ಎನ್ನುವುದು ಇನ್ನೊಂದು ತೊಡಕು.

ನಮ್ಮಂಥ ಜಿಲ್ಲೆಗೆ ಹೊಂದುವ ಮಾದರಿ ಪಕ್ಕದ ತಮಿಳುನಾಡಿನಲ್ಲಿದೆ. ಬೀದಿಯಲ್ಲಿ ಅಲೆಯುತ್ತಿದ್ದ ಮಾನಸಿಕ ಅಸ್ವಸ್ಥ ಮಹಿಳೆಯರಿಗಾಗಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಚೆನ್ನೈನಲ್ಲಿ ಕಟ್ಟಿದ ಸಂಸ್ಥೆ ‘ದಿ ಬನ್ಯನ್’. ಎಷ್ಟೋ ಮಹಿಳೆಯರು ಚೇತರಿಸಿಕೊಂಡು ಊರಿಗೆ ಮರಳಿದರು. ಆದರೆ ಮರಳಲು ಮನೆಯೇ ಇಲ್ಲದವರು, ಮನೆಯವರು ಬೇಡವೆಂದವರು ಸಂಸ್ಥೆಯೊಳಗೇ ವರ್ಷಗಟ್ಟಲೆ ಉಳಿದರು. ಅವರಿಗಾಗಿ ಶುರುವಾದದ್ದೇ ‘ಹೋಮ್ ಅಗೇನ್’. ಸಾಮಾನ್ಯ ಬೀದಿಯಲ್ಲಿ, ಹಳ್ಳಿಯಲ್ಲಿ ಒಂದು ಬಾಡಿಗೆ ಮನೆ, ಅದರಲ್ಲಿ ನಾಲ್ಕೈದು ಜನ. ಹೊರಗೆ ಬೋರ್ಡಿಲ್ಲ, ಗೇಟಿಗೆ ಕಾವಲುಗಾರನಿಲ್ಲ. ಅಡುಗೆ ಏನು ಮಾಡಬೇಕು, ಟಿವಿಯಲ್ಲಿ ಏನು ನೋಡಬೇಕು, ಹಬ್ಬ ಹೇಗೆ ಮಾಡಬೇಕು ಎಲ್ಲವೂ ಅವರವರಲ್ಲೇ ತೀರ್ಮಾನ. ಜೊತೆಗಿರುವ ಸಹಾಯಕಿಯರಲ್ಲಿ ಹಲವರು ಅದೇ ಸುತ್ತಿನ ಸಾಮಾನ್ಯ ಹೆಂಗಸರು. ಡಿಗ್ರಿಗಿಂತ ತಾಳ್ಮೆ ಇರುವವರನ್ನು ಆರಿಸಿ ತರಬೇತಿ ಕೊಟ್ಟಿದ್ದಾರೆ. ಹಾಸನದ ಹೊರವಲಯದಲ್ಲಿ ಐವತ್ತು ಹಾಸಿಗೆಯ ಕಟ್ಟಡ ಕಟ್ಟಿ ಮಂತ್ರಿಗಳಿಂದ ಟೇಪು ಕತ್ತರಿಸುವುದಕ್ಕಿಂತ ಹೊಳೆನರಸೀಪುರದಲ್ಲಿ ಒಂದು, ಅರಸೀಕೆರೆಯಲ್ಲಿ ಒಂದು, ಕೊಪ್ಪದಲ್ಲಿ ಒಂದು ಬಾಡಿಗೆ ಮನೆ ಹಿಡಿಯುವುದು ಅಗ್ಗ, ಬೇಗ, ಮೇಲಾಗಿ ಮನುಷ್ಯರಿಗೆ ಒಗ್ಗುವಂಥದ್ದು ಎಂದು ನನಗೆ ಅನಿಸುತ್ತದೆ. ಕಟ್ಟಡಕ್ಕೆ ಫೋಟೊ ಚೆನ್ನಾಗಿ ಬರುತ್ತದೆ, ಅದೊಂದೇ ಅದರ ಹೆಚ್ಚುಗಾರಿಕೆ.

ಇದರ ಹಿಂದಿರುವ ವಿಚಾರ ಅಮೆರಿಕದಲ್ಲಿ ಇನ್ನೂ ಗಟ್ಟಿಯಾಗಿ ಪರೀಕ್ಷೆಗೆ ಒಳಗಾಯಿತು. 1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್, ಕುಡಿತ ಬಿಡು, ಮಾತ್ರೆ ತಗೋ, ಆಮೇಲೆ ಮನೆ ಎಂಬ ಕ್ರಮವನ್ನೇ ಮಗುಚಿ ಹಾಕಿ ಬೀದಿಯಲ್ಲಿದ್ದವರಿಗೆ ನೇರವಾಗಿ ಮನೆ ಕೊಟ್ಟರು. ಚಿಕಿತ್ಸೆ ಪಡೆದರೆ ಮಾತ್ರ ಮನೆ ಎಂಬ ಷರತ್ತಿಲ್ಲ, ಚಿಕಿತ್ಸಕರ ತಂಡ ಮಾತ್ರ ಬಿಡದೆ ಬಾಗಿಲು ತಟ್ಟುತ್ತದೆ. ಇದನ್ನು ‘ಹೌಸಿಂಗ್ ಫಸ್ಟ್’ ಎನ್ನುತ್ತಾರೆ. ಕೆನಡಾದ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಹೀಗೆ ಮನೆ ಪಡೆದವರು ಉಳಿದವರಿಗಿಂತ ಬಹಳ ಹೆಚ್ಚು ಕಾಲ ಮನೆಯಲ್ಲಿ ನೆಲೆ ನಿಂತರು. ಕಾಯಿಲೆಯ ಲಕ್ಷಣಗಳ ಮೇಲೆ ಅಷ್ಟೇ ದೊಡ್ಡ ಪರಿಣಾಮ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು. ಮನೆ ಮಾತ್ರೆಯ ಕೆಲಸ ಮಾಡುವುದಿಲ್ಲ. ಮಾತ್ರೆಯೂ ಮನೆಯ ಕೆಲಸ ಮಾಡುವುದಿಲ್ಲ.

ಲೈನ್ ಮನೆಯ ಸಮಸ್ಯೆ ಇಲ್ಲಿ ಸ್ಪಷ್ಟವಾಗುತ್ತದೆ. ಮಲೆನಾಡಿನಲ್ಲಿ ಲಕ್ಷಾಂತರ ಕೈಗಳಿಗೆ ಸೂರು ಕೊಟ್ಟದ್ದು ತೋಟದ ಲೈನುಗಳೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಸೂರು ದುಡಿಮೆಗೆ ಕಟ್ಟಿಬಿದ್ದಿದೆ. ಮತ್ತೆ ಮತ್ತೆ ಮರುಕಳಿಸಬಹುದಾದ ಕಾಯಿಲೆ ಇರುವವರಿಗೆ ಇದಕ್ಕಿಂತ ಅಪಾಯದ ಏರ್ಪಾಡು ಇನ್ನೊಂದಿಲ್ಲ, ಏಕೆಂದರೆ ಹದಿನೈದು ದಿನ ಕೆಲಸ ತಪ್ಪಿದರೆ ಎರಡೂ ಒಟ್ಟಿಗೆ ಕೈಜಾರುತ್ತವೆ. ಮನೆ ಬೇರೆ ಕಡೆಯಿಂದ, ಕೆಲಸ ಬೇರೆ ಕಡೆಯಿಂದ ಬಂದರೆ ಒಂದು ಹೋದಾಗ ಇನ್ನೊಂದು ಹಿಡಿದು ನಿಲ್ಲಿಸುತ್ತದೆ.

ಕಾನೂನು ಏನು ಹೇಳುತ್ತದೆ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಹುಟ್ಟಿಕೊಂಡಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದ ಮಾನಸಿಕ ಅಸ್ವಸ್ಥರನ್ನು ಸರಪಳಿಯಲ್ಲಿ ಬಿಗಿದಿದ್ದರು. 28 ಜನ ಓಡಲಾಗದೆ ಸುಟ್ಟುಹೋದರು. ಆಶ್ರಯದ ಹೆಸರಿನಲ್ಲಿ ಏನೆಲ್ಲ ನಡೆಯುತ್ತದೆ ಎಂದು ದೇಶ ಕಣ್ಣುಬಿಟ್ಟು ನೋಡಿದ್ದು ಆಗ.

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಮಾತಾಡುತ್ತದೆ. ಅದರ 19ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇರುವ ಪ್ರತಿಯೊಬ್ಬರಿಗೂ ಸಮಾಜದೊಳಗೆ, ಎಲ್ಲರ ನಡುವೆ ಬಾಳುವ ಹಕ್ಕಿದೆ. ಮನೆಯವರಿಲ್ಲ, ಮನೆಯವರು ಒಪ್ಪುತ್ತಿಲ್ಲ, ನೆಲೆಯಿಲ್ಲ ಅಥವಾ ಊರಿನಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಹಾಫ್‌ವೇ ಹೋಮ್, ಗ್ರೂಪ್ ಹೋಮ್‌ಗಳನ್ನು ಕಟ್ಟುವುದು ಅಥವಾ ಕಟ್ಟುವವರಿಗೆ ನೆರವಾಗುವುದು ಸರ್ಕಾರದ ಹೊಣೆ. ಗುಣವಾದ ಮೇಲೂ ಆಸ್ಪತ್ರೆಗಳಲ್ಲೇ ಕೊಳೆಯುತ್ತಿದ್ದವರ ಪರವಾಗಿ ಗೌರವ್ ಕುಮಾರ್ ಬನ್ಸಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜ್ಯಗಳಿಗೆ ಇದನ್ನೇ ನೆನಪಿಸಿದೆ. ಬಿಡುಗಡೆಗೆ ಮುಂಚೆ ರೋಗಿಯ ಜೊತೆ, ಅವರು ನೇಮಿಸಿದ ಪ್ರತಿನಿಧಿಯ ಜೊತೆ, ಮುಂದೆ ನೋಡಿಕೊಳ್ಳುವವರ ಜೊತೆ ಕೂತು ಯೋಜನೆ ಮಾಡಬೇಕೆಂದು 98ನೇ ಸೆಕ್ಷನ್ ಹೇಳುತ್ತದೆ. ಲೇಖನದ ಮೊದಲಲ್ಲಿ ಬಂದ ಆ ಆಳಿಗೆ ವಾರ್ಡಿನಲ್ಲಿದ್ದಾಗಲೇ ಯಾರಾದರೂ ‘ಎಲ್ಲಿಗೆ ಹೋಗುತ್ತೀಯ?’ ಎಂದು ಕೇಳಬೇಕಿತ್ತು, ಕಾನೂನಿನಂತೆ.

ಎರಡೂ ಜಿಲ್ಲೆಗಳಲ್ಲಿ ಮನೆಯವರಿಗೆ ಇದರಿಂದ ಸಿಗುವ ನೇರ ಉಪಯೋಗ ಎಂದರೆ, ಯಾವುದಾದರೂ ‘ಆಶ್ರಮ’ಕ್ಕೋ ಕೇಂದ್ರಕ್ಕೋ ಸೇರಿಸುವ ಮುಂಚೆ ಏನನ್ನು ನೋಡಬೇಕು ಎಂಬುದು. ಮಾನಸಿಕ ಕಾಯಿಲೆಯವರನ್ನು ಇರಿಸಿಕೊಂಡು ಆರೈಕೆ ಮಾಡುವ ಯಾವ ಜಾಗವಾದರೂ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಲೇಬೇಕು. ಬಂಧುಗಳ ಅಥವಾ ಸ್ನೇಹಿತರ ಜೊತೆ ವಾಸಿಸುವ ಮನೆಗೆ ಮಾತ್ರ ಇದರಿಂದ ವಿನಾಯಿತಿ. ನೋಂದಣಿ ಪತ್ರ ತೋರಿಸಿ ಎಂದು ಕೇಳಿ, ಮುಜುಗರ ಬೇಡ. ಸರಪಳಿ ಹಾಕುವಂತಿಲ್ಲ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ತಮ್ಮದೇ ಬಟ್ಟೆ ಹಾಕಿಕೊಳ್ಳಲು ಬಿಡಬೇಕು. ಫೋನ್ ಮಾಡಲು, ಭೇಟಿಗೆ ಬಂದವರನ್ನು ನೋಡಲು ಅವಕಾಶ ಇರಬೇಕು. ಬಹಳ ಜನರಿಗೆ ತಿಳಿಯದ ಇನ್ನೊಂದು ವಿಷಯ: ಕೇಂದ್ರದೊಳಗೆ ಅವರಿಂದ ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕು. ‘ನಮ್ಮಲ್ಲಿ ತೋಟದ ಕೆಲಸವೇ ಚಿಕಿತ್ಸೆ’ ಎನ್ನುವ ಜಾಗದಲ್ಲಿ ಆ ತೋಟದ ಫಸಲಿನ ದುಡ್ಡು ಯಾರಿಗೆ ಹೋಗುತ್ತದೆ ಎಂದು ವಿಚಾರಿಸಿ. ಉತ್ತರ ತಡವಾದರೆ ಅಲ್ಲಿಂದ ಹೊರಡಿ. ಅನ್ಯಾಯ ಕಂಡರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, ಅದೂ ಈ ಕಾಯ್ದೆಯಡಿ ಹಕ್ಕೇ.

ಕೆಲಸ: ಮೊದಲು ತರಬೇತಿಯೋ, ಮೊದಲು ಕೆಲಸವೋ

ಹಳೆಯ ಪದ್ಧತಿ ಹೀಗಿತ್ತು: ಮೇಣದಬತ್ತಿ ಮಾಡುವುದು, ಕಾಗದದ ಕವರ್ ಅಂಟಿಸುವುದು, ಫಿನಾಯಿಲ್ ತುಂಬುವುದು ಇತ್ಯಾದಿಗಳನ್ನು ವರ್ಷಗಟ್ಟಲೆ ಕಲಿಸುವುದು, ‘ಸಿದ್ಧರಾದ’ ಮೇಲೆ ಹೊರಗೆ ಕೆಲಸ ಹುಡುಕುವುದು. ಆ ಸಿದ್ಧತೆ ಎಂದೂ ಮುಗಿಯುತ್ತಿರಲಿಲ್ಲ. ದಡದ ಮೇಲೆ ಕೂರಿಸಿ ಈಜು ಕಲಿಸಿದಂತೆ.

1990ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಇದನ್ನು ತಲೆಕೆಳಗು ಮಾಡಿದರು. ಕೆಲಸ ಮಾಡಬೇಕು ಎಂದು ಯಾರಿಗೆ ಆಸೆ ಇದೆಯೋ ಅವರೆಲ್ಲರಿಗೂ ಅವಕಾಶ. ‘ಇವರಿಗೆ ಇನ್ನೂ ಆಗಲ್ಲ’ ಎಂದು ಯಾರನ್ನೂ ಹೊರಗಿಡುವಂತಿಲ್ಲ. ತರಬೇತಿಗೆ ಕಾಯದೆ ಆದಷ್ಟು ಬೇಗ ನಿಜವಾದ, ಎಲ್ಲರಿಗೂ ಸಿಗುವ ಕೂಲಿಯ ಕೆಲಸ ಹುಡುಕುವುದು, ಕಲಿಯುವುದನ್ನು ಕೆಲಸದಲ್ಲೇ ಕಲಿಯುವುದು. ಕೆಲಸ ಹುಡುಕಿಕೊಡುವವರು ಚಿಕಿತ್ಸೆಯ ತಂಡದಲ್ಲೇ ಇರುತ್ತಾರೆ, ಹಾಗಾಗಿ ಬೆಳಿಗ್ಗೆ ಮಂಪರು ಹೆಚ್ಚಾಗಿದೆ ಎಂದರೆ ವೈದ್ಯರಿಗೆ ಅಂದೇ ತಿಳಿಯುತ್ತದೆ, ಮಾತ್ರೆಯ ಹೊತ್ತು ಬದಲಾಗುತ್ತದೆ. ಕೆಲಸ ಸಿಕ್ಕಿತೆಂದು ನೆರವು ನಿಲ್ಲುವುದಿಲ್ಲ. ‘ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್’ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಐಪಿಎಸ್ ಎಂದು ಕರೆಯುವ ಈ ವಿಧಾನವನ್ನು ಅನೇಕ ದೇಶಗಳಲ್ಲಿ ಹಳೆಯ ವಿಧಾನದ ಪಕ್ಕ ಇಟ್ಟು ಅಳೆದಿದ್ದಾರೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಜವಾದ ಉದ್ಯೋಗ ಹಿಡಿದರೆ, ಹಳೆಯದರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಮಾತ್ರ.

ಇದು ಅಮೆರಿಕದ ಕಂಪನಿಗಳಿಗೆ ಸರಿ, ನಮ್ಮ ಹಳ್ಳಿಗೆ ಎಲ್ಲಿಯ ಉದ್ಯೋಗಾಧಿಕಾರಿ ಎಂದು ಕೇಳಬಹುದು. ಕೊಪ್ಪ, ಶೃಂಗೇರಿಗೆ ಅಂಟಿಕೊಂಡಂತಿರುವ ತೀರ್ಥಹಳ್ಳಿ ತಾಲೂಕನ್ನು ನೋಡಿ. ಅಲ್ಲಿ ಸುಮಾರು 2005ರಿಂದ ನಿಮ್ಹಾನ್ಸ್ ತಂಡವೊಂದು ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಿನಲ್ಲಿ ಹುಡುಕಿ, ಅವರಿದ್ದಲ್ಲೇ ಚಿಕಿತ್ಸೆ ಕೊಡಿಸುವ ಕೆಲಸ ಮಾಡಿತು. ಚಿಕಿತ್ಸೆ ಸಿಕ್ಕವರಲ್ಲಿ ದಿನನಿತ್ಯದ ಅಸಾಮರ್ಥ್ಯ ಸಿಗದವರಿಗಿಂತ ಕಡಿಮೆ ಇತ್ತು. ಹಲವರು ಹೊಲ, ತೋಟ, ಮನೆಗೆಲಸದಲ್ಲಿ ಪ್ರಯೋಜನಕ್ಕೆ ಬರುವಷ್ಟು ದುಡಿಯುತ್ತಿದ್ದರು. ಕೃಷಿಯ ಕೆಲಸಕ್ಕೆ ಒಂದು ಅನುಕೂಲ ಇದೆ: ಅದನ್ನು ಭಾಗ ಮಾಡಬಹುದು. ದನ ಮೇಯಿಸುವುದು, ಸೊಪ್ಪು ತರುವುದು, ಕಣದಲ್ಲಿ ಕಾಫಿ ಒಣಹಾಕಿ ಕೈಯಾಡಿಸುವುದು, ಮೆಣಸು ಬಿಡಿಸುವುದು, ಅಡಿಕೆ ಹೆಕ್ಕುವುದು, ಡೇರಿಗೆ ಹಾಲು ಹಾಕಿ ಬರುವುದು. ಇಡೀ ದಿನ ಆಗದವರಿಗೆ ಅರ್ಧ ದಿನ ಹೊಂದಿಸಲು ಆಗುತ್ತದೆ.

ಹಾಗೆಂದು ಹಳ್ಳಿ ಎಂದರೆ ಸುಖ ಎಂದುಕೊಳ್ಳಬೇಕಾಗಿಲ್ಲ. ಮನೆಯವರ ಹೊಲದಲ್ಲಿ ಮಾಡಿದ ಕೆಲಸಕ್ಕೆ ಕೂಲಿ ಇಲ್ಲ. ಅವನ ಊಟ ಬಟ್ಟೆ ನಾವೇ ನೋಡಿಕೊಳ್ಳುತ್ತೇವಲ್ಲ ಎನ್ನುತ್ತಾರೆ. ಹೆಂಗಸರಾದರೆ ಕೆಲಸಕ್ಕೆ ಲೆಕ್ಕವೇ ಇಲ್ಲ: ಹತ್ತು ಜನರ ಅಡುಗೆ ಮಾಡಿ, ಕೊಟ್ಟಿಗೆ ಬಾಚಿ, ‘ಅವಳೇನು ಮಾಡ್ತಾಳೆ, ಸುಮ್ಮನೆ ಮನೇಲಿರ್ತಾಳೆ’ ಎನಿಸಿಕೊಳ್ಳುತ್ತಾಳೆ. ಸ್ವಂತ ಬ್ಯಾಂಕ್ ಖಾತೆ, ಅದರಲ್ಲಿ ಸ್ವಂತ ದುಡಿಮೆಯ ನಾಲ್ಕು ಕಾಸು ಇರುವುದಕ್ಕೂ ಇಲ್ಲದಿರುವುದಕ್ಕೂ ಚೇತರಿಕೆಯಲ್ಲಿ ಬಹಳ ಅಂತರ ಇದೆ.

ಕೆಲಸ ಕೊಡುವವರು ಮಾಡಿಕೊಡಬೇಕಾದ ಬದಲಾವಣೆಗಳು ದುಬಾರಿಯವಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಇವನ್ನು ನ್ಯಾಯವಾದ ಹೊಂದಾಣಿಕೆ ಎಂದು ಪರಿಗಣಿಸುತ್ತದೆ. ರಾತ್ರಿಯ ಮಾತ್ರೆಯ ಮಂಪರು ಇರುವವರಿಗೆ ಎಂಟರ ಬದಲು ಒಂಬತ್ತೂವರೆಗೆ ಹಾಜರಿ. ಮುಂಜಾನೆ ಆನೆ ಓಡಾಟದ ಭಯ ಇರುವ ಆಲೂರು, ಸಕಲೇಶಪುರ, ಬೇಲೂರು ಸೀಮೆಯಲ್ಲಿ ಇದು ಎಲ್ಲರಿಗೂ ಒಳ್ಳೆಯದೇ. ಹಾಸನದ ಗಾರ್ಮೆಂಟ್ಸ್ ಘಟಕದಲ್ಲಿ ರಾತ್ರಿ ಪಾಳಿಯಿಂದ ಬಿಡುಗಡೆ, ಏಕೆಂದರೆ ಬೈಪೋಲಾರ್ ಇರುವವರಿಗೆ ನಿದ್ದೆಗೆಟ್ಟರೆ ಕಾಯಿಲೆ ಕೆರಳುತ್ತದೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಬೆವರಿ ನೀರು ಕುಡಿಯದೆ ದುಡಿದರೆ ರಕ್ತದಲ್ಲಿ ಅದರ ಮಟ್ಟ ಅಪಾಯಕ್ಕೆ ಏರಬಹುದು, ಅವರಿಗೆ ನೀರು ನೆರಳು ಬೇಕೇ ಬೇಕು. ಮಂಪರು ಇಳಿಯುವವರೆಗೆ ಮರ ಹತ್ತುವ, ಯಂತ್ರ ನಡೆಸುವ ಕೆಲಸ ಬೇಡ. ಕ್ರಿಮಿನಾಶಕ, ಕಳೆನಾಶಕಗಳನ್ನು ಬೀಗ ಹಾಕಿ ಇಡುವುದು ಯಾವ ತೋಟದಲ್ಲಾದರೂ ಮಾಡಬೇಕಾದದ್ದು. ಇನ್ನು ತಿಂಗಳಿಗೊಂದು ದಿನ ಆಸ್ಪತ್ರೆಗೆ ರಜೆ. ಇಷ್ಟನ್ನು ತೋಟದ ಲೆಕ್ಕ ನೋಡುವ ಒಬ್ಬ ರೈಟರ್, ಒಬ್ಬ ಮೇಸ್ತ್ರಿ ಅರ್ಥ ಮಾಡಿಕೊಂಡರೆ ಮುಕ್ಕಾಲು ಕೆಲಸ ಆದಂತೆ.

ಕಾಯಿಲೆಯ ವಿಷಯ ಮಾಲೀಕರಿಗೆ ಹೇಳಬೇಕೇ? ಇದಕ್ಕೆ ಎಲ್ಲರಿಗೂ ಒಪ್ಪುವ ಉತ್ತರ ಇಲ್ಲ. ಹೇಳದಿದ್ದರೆ ಹೊಂದಾಣಿಕೆ ಕೇಳಲು ಆಗುವುದಿಲ್ಲ, ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಮೂಡಿಗೆರೆಯಲ್ಲಿ ಹೇಳಿದ್ದು ಚಿಕ್ಕಮಗಳೂರಿಗೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಇಲ್ಲಿಯವರಿಗೆ ಗೊತ್ತೇ ಇದೆ. ಕಾಯಿಲೆಯ ಹೆಸರು ಹೇಳದೆ ‘ಬೆಳಿಗ್ಗೆ ಮಾತ್ರೆಯ ಮಂಪರು ಇರುತ್ತದೆ, ಸ್ವಲ್ಪ ತಡವಾಗಿ ಬರುತ್ತೇನೆ’ ಎನ್ನುವುದು ನಡುದಾರಿ. ತೀರ್ಮಾನ ಮಾತ್ರ ಕೆಲಸಕ್ಕೆ ಹೋಗುವವರದೇ ಆಗಿರಬೇಕು, ಅಣ್ಣನದ್ದೋ ಸಮಾಜ ಕಾರ್ಯಕರ್ತರದ್ದೋ ಅಲ್ಲ.

ಈಗಾಗಲೇ ಸರ್ಕಾರಿ ನೌಕರಿಯಲ್ಲಿದ್ದು ಕಾಯಿಲೆ ಬಿದ್ದವರಿಗೆ ರಕ್ಷಣೆ ಹೆಚ್ಚು. 2016ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಖಿನ್ನತೆ ಮತ್ತು ಗೀಳು ಕಾಯಿಲೆ (ಒಸಿಡಿ) ಇದ್ದ ಸಿಆರ್‌ಪಿಎಫ್ ಅಧಿಕಾರಿ ರವೀಂದರ್ ಕುಮಾರ್ ಧಾರಿವಾಲ್ ಅವರ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಾಯಿಲೆಗೆ ಸಂಬಂಧಿಸಿದ ನಡವಳಿಕೆಗಾಗಿ ಶಿಸ್ತುಕ್ರಮ ಹೂಡುವುದೂ ಪರೋಕ್ಷ ತಾರತಮ್ಯವೇ ಎಂದಿತು. ಹೊಸ ನೇಮಕಾತಿಯಲ್ಲಿ ಕೇಂದ್ರದ ಕಾಯ್ದೆ ಇಟ್ಟ ಶೇ. 4ರ ಮೀಸಲಾತಿಯೊಳಗೆ ಶೇ. 1 ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ವೈಕಲ್ಯ ಎಲ್ಲಕ್ಕೂ ಸೇರಿ. ಕಾಗದದ ಮೇಲೆ ದೊಡ್ಡ ಹೆಜ್ಜೆ, ಸಿಗುವ ಹುದ್ದೆಗಳು ಬೆರಳೆಣಿಕೆ.

ಆ ಮೀಸಲಾತಿಗೂ ಪಿಂಚಣಿಗೂ ಬೇಕಾದದ್ದು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ, ಅಂದರೆ ಈಗಿನ ಯುಡಿಐಡಿ ಕಾರ್ಡ್. ಮಾನಸಿಕ ಕಾಯಿಲೆಯನ್ನು ಅಳೆಯಲು ‘ಐಡಿಯಾಸ್’ ಎಂಬ ಅಳತೆಗೋಲು ಇದೆ. ತನ್ನ ಆರೈಕೆ, ಜನರೊಡನೆ ಸಂಬಂಧ, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕಕ್ಕೂ 0ಯಿಂದ 4ರವರೆಗೆ ಅಂಕ, ಜೊತೆಗೆ ಎಷ್ಟು ವರ್ಷದಿಂದ ಕಾಯಿಲೆ ಇದೆ ಎಂಬುದಕ್ಕೆ ಅಂಕ. ಇದರೊಳಗೆ ಒಂದು ವಕ್ರತೆ ಅಡಗಿದೆ. ಕಷ್ಟಪಟ್ಟು ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗುವವರ ಅಂಕ ಕಡಿಮೆಯಾಗಿ, ಆ ಕೆಲಸವನ್ನು ಉಳಿಸಿಕೊಳ್ಳಲು ಬೇಕಾದ ಸೌಲಭ್ಯವೇ ಕೈತಪ್ಪಬಹುದು. ಪಿಂಚಣಿ ನಿಂತೀತು ಎಂಬ ಹೆದರಿಕೆಗೆ ಮಗನನ್ನು ಕೆಲಸಕ್ಕೆ ಕಳಿಸದ ಮನೆಗಳೂ ಇವೆ, ಅವರನ್ನು ದೂರಲಾಗದು. ನಿರಾಮಯ ವಿಮೆಯ ಬಗ್ಗೆ ಕೇಳಿ ಅರ್ಜಿ ಹಿಡಿದು ಅಲೆಯುವವರಿಗೆ ಒಂದು ಮಾತು: ಅದು ನ್ಯಾಷನಲ್ ಟ್ರಸ್ಟ್ ವ್ಯಾಪ್ತಿಯ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ವೈಕಲ್ಯಗಳಿಗೆ ಮಾತ್ರ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಅದರಲ್ಲಿ ಬರುವುದಿಲ್ಲ.

ನಡುವೆ ನಿಲ್ಲುವ ಮನುಷ್ಯ

ಮನೆಯ ಮಾದರಿ ಇದೆ, ಕೆಲಸದ ಮಾದರಿ ಇದೆ, ಕಾಯ್ದೆ ಇದೆ. ಇಲ್ಲಿ ಕೊರತೆ ಇರುವುದು ಇವನ್ನೆಲ್ಲ ಒಬ್ಬ ವ್ಯಕ್ತಿಯ ಬದುಕಿಗೆ ಜೋಡಿಸುವವರದು. ಬಾಡಿಗೆ ಮನೆಯ ಮಾಲೀಕರ ಹತ್ತಿರ ಮಾತಾಡುವವರು, ಮೇಸ್ತ್ರಿಗೆ ತಿಳಿಹೇಳುವವರು, ಎರಡು ದಿನ ಕೆಲಸಕ್ಕೆ ಬರದಿದ್ದರೆ ಬಾಗಿಲು ತಟ್ಟುವವರು.

ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ, ಇರುವವರನ್ನೇ ಒಂದು ದಾರದಲ್ಲಿ ಪೋಣಿಸಬಹುದು. ಹಾಸನದಲ್ಲಿ ಹಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು, ಚಿಕ್ಕಮಗಳೂರಿನಲ್ಲಿ ಹೊಸ ವೈದ್ಯಕೀಯ ಕಾಲೇಜು ಇವೆ. ಬಳ್ಳಾರಿಯ ಪ್ರಯೋಗದಿಂದ ಹುಟ್ಟಿ 1996ರಿಂದ ದೇಶಕ್ಕೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರ ಜೊತೆ ಸಮಾಜ ಕಾರ್ಯಕರ್ತರ ಹುದ್ದೆಯೂ ಇದೆ. ‘ಮನೋಚೈತನ್ಯ’ದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ಏರ್ಪಾಡಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಯುಡಿಐಡಿ, ಬಸ್ ಪಾಸ್, ಸ್ವಯಂ ಉದ್ಯೋಗಕ್ಕೆ ಆಧಾರ ಯೋಜನೆಯ ಸಾಲ ಮುಂತಾದವಕ್ಕೆ ಇವರನ್ನೇ ಹಿಡಿಯಬೇಕು. ಹೆಂಗಸರಿಗೆ ಶಕ್ತಿ ಯೋಜನೆ ಬಂದ ಮೇಲೆ ಆಸ್ಪತ್ರೆಯ ಬಸ್ ಖರ್ಚು ಉಳಿದದ್ದು ಸಣ್ಣ ವಿಷಯವಲ್ಲ, ಮಾತ್ರೆ ತಪ್ಪುವುದಕ್ಕೆ ಬಸ್ ಚಾರ್ಜೂ ಒಂದು ಕಾರಣವಾಗಿತ್ತು. ಸಂಕಟದ ಹೊತ್ತಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದೆ: 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು.

ಮಲೆನಾಡಿಗೆ ಮಾತ್ರ ಇರುವ ಒಂದು ತಾಪತ್ರಯವನ್ನು ಬೆಂಗಳೂರಿನಲ್ಲಿ ಕೂತು ಯೋಜನೆ ಬರೆಯುವವರು ಮರೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಸ, ಶೃಂಗೇರಿ, ಕೊಪ್ಪ, ಸಕಲೇಶಪುರದ ಒಳಹಳ್ಳಿಗಳಲ್ಲಿ ಮಳೆಗೆ ಧರೆ ಕುಸಿದು ಬಸ್ಸೇ ಬರುವುದಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಅದೇ ಹೊತ್ತಿಗೆ ತೋಟದಲ್ಲಿ ಕೂಲಿ ಕಡಿಮೆ, ಮನೆಯೊಳಗೇ ಕೂರುವ ದಿನಗಳು ಹೆಚ್ಚು. ಮೇ ಕೊನೆಯಲ್ಲೇ ವೈದ್ಯರನ್ನು ಕೇಳಿ ಎರಡು ತಿಂಗಳ ಮಾತ್ರೆ ತಂದಿಟ್ಟುಕೊಳ್ಳುವುದು, ಅದನ್ನು ಮನೆಯವರ ಕೈಯಲ್ಲಿ ಕೊಟ್ಟಿರುವುದು, ಮಾತ್ರೆ ಮರೆಯುವವರಿಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಆಗುತ್ತದೆಯೇ ಎಂದು ವಿಚಾರಿಸುವುದು ಈ ಸೀಮೆಯ ಪುನರ್ವಸತಿಯ ಪಾಠದಲ್ಲಿ ಮೊದಲ ಪುಟದಲ್ಲೇ ಬರಬೇಕು.

ತೋಟದ ಮಾಲೀಕರು ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ: ‘ಕೊಯ್ಲಿನ ಮಧ್ಯೆ ಮತ್ತೆ ಹುಷಾರು ತಪ್ಪಿದರೆ?’ ತಪ್ಪಬಹುದು. ಆದರೆ ಅದು ಸಾಮಾನ್ಯವಾಗಿ ಒಂದೇ ದಿನದಲ್ಲಿ ಆಗುವುದಿಲ್ಲ. ನಿದ್ದೆ ಕಡಿಮೆಯಾಗುವುದು, ಮಾತು ಏರುವುದು ಅಥವಾ ಪೂರ್ತಿ ನಿಲ್ಲುವುದು, ಸ್ನಾನ ಬಿಡುವುದು, ಸುಮ್ಮನೆ ಅನುಮಾನ ಪಡುವುದು, ಇಂಥ ಸೂಚನೆಗಳು ಹಲವು ದಿನ ಮುಂಚೆಯೇ ಕಾಣುತ್ತವೆ. ಪ್ರತಿಯೊಬ್ಬರದೂ ಬೇರೆ ಬೇರೆ. ಚೆನ್ನಾಗಿದ್ದಾಗಲೇ ಅವರನ್ನೇ ಕೇಳಿ ಬರೆದಿಟ್ಟುಕೊಂಡರೆ, ಯಾರಿಗೆ ಫೋನ್ ಮಾಡಬೇಕು ಎಂದು ಗೊತ್ತಿದ್ದರೆ, ಎಷ್ಟೋ ಸಲ ವಾರ್ಡಿಗೆ ಹೋಗುವುದು ತಪ್ಪುತ್ತದೆ. ಮತ್ತೆ ಕಾಯಿಲೆ ಬಿದ್ದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ, ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ತಾನೇ ಆರಿಸುವ ಹಕ್ಕನ್ನೂ 2017ರ ಕಾಯ್ದೆ ಕೊಟ್ಟಿದೆ. ಬಳಸುವವರು ಕಡಿಮೆ.

ಕೊನೆಗೆ ಉಳಿಯುವುದು ಪ್ರತಿ ತಂದೆತಾಯಿ ಕೇಳುವ ಮಾತು: ‘ನಮ್ಮ ಕಾಲದ ನಂತರ?’ ಉತ್ತರವನ್ನು ಹಿರಿಯರು ಬದುಕಿರುವಾಗಲೇ ಅಭ್ಯಾಸ ಮಾಡಬೇಕು. ಆಸ್ತಿಯಲ್ಲಿ ಆ ಮಗನ, ಮಗಳ ಪಾಲು ಬರವಣಿಗೆಯಲ್ಲಿರಲಿ. ನೇರವಾಗಿ ಅವರ ಹೆಸರಿಗೆ ಇಡುವುದೋ, ಖಾಸಗಿ ಟ್ರಸ್ಟ್ ಮಾಡಿ ತಿಂಗಳ ಖರ್ಚಿಗೆ ಹಣ ಬರುವಂತೆ ಮಾಡುವುದೋ ಎಂದು ವಕೀಲರನ್ನು ಕೇಳಿ. ‘ಅಣ್ಣ ನೋಡಿಕೊಳ್ಳುತ್ತಾನೆ’ ಎಂಬ ಬಾಯಿಮಾತಿಗೆ ಅಣ್ಣನ ಹೆಂಡತಿಯನ್ನು ಯಾರೂ ಕೇಳಿರುವುದಿಲ್ಲ. ಆಧಾರ್, ರೇಷನ್ ಕಾರ್ಡ್, ಯುಡಿಐಡಿ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ಚೀಟಿಗಳು ಒಂದೇ ಕಡೆ ಇರಲಿ, ಎಲ್ಲಿವೆ ಎಂದು ಮಗನಿಗೂ ಗೊತ್ತಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ತಾಯಿ ಇರುವಾಗಲೇ ಅವರು ಬೇರೆ ಮನೆಯಲ್ಲಿ ಇದ್ದು ನೋಡಬೇಕು: ಮೊದಲು ಅಕ್ಕನ ಮನೆಯಲ್ಲಿ ನಾಲ್ಕು ದಿನ, ಆಮೇಲೆ ಅದೇ ಬೀದಿಯ ಒಂದು ಕೋಣೆಯಲ್ಲಿ ವಾರ. ಅನ್ನ ಸೀದು ಹೋಗಲಿ, ಕರೆಂಟ್ ಬಿಲ್ ಕಟ್ಟಲು ಮರೆಯಲಿ. ಈಗ ಮರೆತರೆ ನೆನಪಿಸಲು ತಾಯಿ ಇದ್ದಾಳೆ.